ಟಾಕಿ ಚಾಚಾರ ಮೂಗು

ಚಾಚಾರ ಮೂಗಿನ ಎಡ ಹೊಳ್ಳೆಯ ಮೇಲೆ ಕಡಲೆಬೇಳೆಯಷ್ಟು ಅಗಲದ ಒಂದು ಸುಟ್ಟ ಕಲೆ ಇತ್ತು. ಕೆಲಸ ಕಲಿಯುವ ವಯಸ್ಸಿನಲ್ಲಿ ಬೆಸುಗೆಯ ಸೀಸದ ಹನಿ ಸಿಡಿದು ಆದದ್ದಂತೆ. ಆ ಮೂಗನ್ನು ಪೆಟ್ರೋಲ್ ಟಾಕಿಯ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ, ಎರಡೂ ಹೆಗಲು ಮೇಲೇರುವ ಹಾಗೆ ಅವರು ಒಂದು ಉದ್ದನೆಯ ಉಸಿರು ಎಳೆದರೆ ಇಡೀ ಗಲ್ಲಿ ಅವರ ಮಾತಿಗೆ ಕಾಯುತ್ತಿತ್ತು. "ಇನ್ನೂ ಐತಿ" ಅಂದರೆ ಟಾಕಿಯೊಳಗೆ ಪೆಟ್ರೋಲಿನ ಆವಿ ಇನ್ನೂ ಇದೆ, ಮತ್ತೆ ನೀರು ಹಾಕಿ ತೊಳೆಯಬೇಕು. "ಹೋತು" ಅಂದರೆ ಬೆಂಕಿ ಹಚ್ಚಬಹುದು.

ತೂತು ಬಿದ್ದ ಪೆಟ್ರೋಲ್ ಟಾಕಿಗಳಿಗೆ ಬೆಸುಗೆ ಹಾಕುವುದು ಅವರ ಕಸುಬು. ಚೆಂಬೂರಿನಲ್ಲಿ, ರಿಫೈನರಿ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಅವರ ಗ್ಯಾರೇಜು. ಗ್ಯಾರೇಜು ಎಂದರೆ ಮೂರು ತಗಡು, ಒಂದು ಬೆಂಚು, ನೀರಿನ ಪೀಪಾಯಿ. ಹಳೆಯ ಗಾಡಿಯವರು ದಹಿಸರ್‌ನಿಂದಲೂ ಟಾಕಿ ಬಿಚ್ಚಿಕೊಂಡು ಅಲ್ಲಿಗೆ ಬರುತ್ತಿದ್ದರು. ಬಾಗಿಲಲ್ಲೇ ಒಂದು ಬಿಸ್ಕೀಟಿನ ಡಬ್ಬಿ. ಬೀಡಿ, ಕಡ್ಡಿಪೆಟ್ಟಿಗೆ, ಲೈಟರ್, ಮೊಬೈಲು ಎಲ್ಲ ಅದರಲ್ಲಿ ಹಾಕಿಯೇ ಒಳಗೆ ಕಾಲಿಡಬೇಕು. ಒಮ್ಮೆ ಒಬ್ಬ ಪೊಲೀಸಿನವನು ಸಿಗರೇಟು ಹಿಡಿದು ನಿಂತಾಗ ಚಾಚಾ ಅವನ ಬಾಯಿಂದಲೇ ಅದನ್ನು ಕಿತ್ತು ಪೀಪಾಯಿಗೆ ಹಾಕಿ, "ಸಾಬ್, ಆಪ್ ಕೆ ಬಚ್ಚೇ ಛೋಟೇ ಹೈಂ" ಅಂದಿದ್ದರು. ಮನೆಯ ಚಿಕ್ಕ ಮಕ್ಕಳ ಮಾತು ಕೇಳಿ ಅವನು ತೆಪ್ಪಗಾದ.

"ತುಂಬಿದ ಟಾಕಿಗಿ ಹೆದರಬ್ಯಾಡ, ತಮ್ಮಾ. ಖಾಲಿ ಟಾಕಿಗಿ ಹೆದರು," ಎನ್ನುತ್ತಿದ್ದರು ನನಗೆ. "ಪೆಟ್ರೋಲ್ ಉರೀತೈತಿ. ಅದರ ಉಸಿರು ಸಿಡೀತೈತಿ."

ಅವರದು ವಿಜಯಪುರದ ಕಡೆಯ ಊರು, ನಮ್ಮದೂ ಆ ಸೀಮೆಯೇ. ಮನೆಯಲ್ಲಿ ದಖನಿ, ಗಲ್ಲಿಯಲ್ಲಿ ಹಿಂದಿ, ನಮ್ಮ ಅಪ್ಪನ ಜೊತೆ ಮಾತ್ರ ಅಪ್ಪಟ ಜವಾರಿ ಕನ್ನಡ. ಅಪ್ಪನಿಗೆ ಅರವತ್ತರ ದಶಕದ ಒಂದು ಪೆಟ್ರೋಲ್ ಪಿಕಪ್ ಇತ್ತು. ಮದುವೆ ಮಂಟಪದ ಸಾಮಾನು ಹೇರಿಕೊಂಡು ಮುಂಬಯಿ ತುಂಬ ಓಡಾಡಿ ನಮ್ಮನ್ನು ಸಾಕಿದ ಗಾಡಿ ಅದು. ಅಪ್ಪ ತೀರಿಕೊಂಡ ಮೇಲೆ ಫೋರ್ಟ್‌ನಲ್ಲಿ ಗುಮಾಸ್ತನಾದ ನನ್ನ ಪಾಲಿಗೆ ಬಂತು. ಭಾನುವಾರ ಅವ್ವನನ್ನು ಕೂರಿಸಿಕೊಂಡು ಸಮುದ್ರದ ತನಕ ಹೋಗಿ ಬರುವುದು ಬಿಟ್ಟರೆ ಅದರಿಂದ ಏನೂ ಉಪಯೋಗವಿರಲಿಲ್ಲ. ಆದರೆ ಅವ್ವ ಅದರ ಸೀಟಿನ ಮೇಲೆ ಕೂತಾಗ ಬಲಗೈಯನ್ನು ಅಪ್ಪ ಗೇರು ಹಾಕುತ್ತಿದ್ದ ಜಾಗದಿಂದ, ಅವನ ಕೈಗೆ ಅಡ್ಡಿಯಾಗದಷ್ಟೇ ದೂರ ಇಟ್ಟುಕೊಂಡಿರುತ್ತಿದ್ದಳು. ಅಂಥ ಗಾಡಿಯನ್ನು ಗುಜರಿಗೆ, ಭಂಗಾರದವನಿಗೆ ಹಾಕುವುದು ಹೇಗೆ?

ಹಾಕಬೇಕಾಗುವ ಹೊತ್ತೂ ಬಂತು. ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಗಾಡಿ ನಿಂತರೆ ಪೆಟ್ರೋಲ್ ವಾಸನೆ. ಏಪ್ರಿಲ್ ಬಂತೆಂದರೆ ಎರಡನೇ ಮಹಡಿಯ ತನಕ. ಸೊಸೈಟಿಯ ಸೆಕ್ರೆಟರಿ ನೋಟೀಸು ಅಂಟಿಸಿದರು: ಮುಂದಿನ ಭಾನುವಾರ ಕಮಿಟಿ ಬಂದು ನೋಡುತ್ತದೆ, ವಾಸನೆ ಇದ್ದರೆ ಗಾಡಿ ಹೊರಗೆ. ಹೊರಗೆ ಎಲ್ಲಿ? ಚೆಂಬೂರಿನಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ.

ನಾನು ಚಾಚಾರ ಹತ್ತಿರ ಓಡಿದೆ. ಅವರು ನಕ್ಕರು.

"ಸೋರೂದಿಲ್ಲೋ ಮಾರಾಯಾ, ಉಸಿರಾಡತೈತಿ. ಬಿಸಲಿಗಿ ಪೆಟ್ರೋಲ್ ಆವಿ ಆಗ್ತೈತಿ, ಹೊರಗ ಬಿಡತೈತಿ. ಗಾಡಿ ಓಡಿ ಟಾಕಿ ಖಾಲಿ ಆದಂಗ ಹೊರಗಿನ ಗಾಳಿ ಒಳಗ ಎಳಕೋತೈತಿ. ಅದಕ್ಕಂತನ ಒಂದು ಸಣ್ಣ ಪೈಪ್ ಇಟ್ಟಾರ. ಈಗಿನ ಗಾಡ್ಯಾಗ ಆ ಪೈಪ್ ಇದ್ದಿಲಿನ ಡಬ್ಬಿಗಿ ಹೋಗ್ತೈತಿ. ಇದ್ದಿಲು ಆವೀನ ಹಿಡಕೊಂಡು ಕುಂದರತೈತಿ, ಇಂಜಿನ್ ಚಾಲೂ ಆದ ಕೂಡ್ಲೆ ಅದನ್ನ ಕುಡೀತೈತಿ. ನಿಮ್ಮಪ್ಪನ ಕಾಲದಾಗ ಆ ಡಬ್ಬಿ ಎಲ್ಲಿದ್ದು? ಉಸಿರು ಸೀದಾ ನಿಮ್ಮ ಸೆಕ್ರೆಟರಿ ಮೂಗಿಗೇ."

"ಮತ್ತೇನು ಮಾಡೂದು?"

"ಒಂದು, ಪಂಪಿನ್ಯಾಗ ಟಾಕಿಗಿ ಗಂಟಲತನ ಕುಡಿಸಬ್ಯಾಡ. ಆವಿ ನಿಲ್ಲಾಕ ಜಾಗಾ ಬೇಕಲ್ಲ. ಎರಡು, ಭಂಗಾರದಾಗ ಒಂದು ಡಬ್ಬಿ ಹುಡಕತೀನಿ. ಭಾನುವಾರ ನಾನ ಬಂದು ಕೂಡಸ್ತೀನಿ. ಅಲ್ಲಿತನ ಗಾಡಿ ಮುಟ್ಟಬ್ಯಾಡ."

ಮುಟ್ಟಬೇಡ ಎಂದದ್ದನ್ನು ಮುಟ್ಟದೆ ಇರುವ ಜಾತಿ ನನ್ನದಲ್ಲ. ಶನಿವಾರ ಬೆಳಿಗ್ಗೆ ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಿ, "ಕಲ್ ಆಖ್ರೀ ಹೈ," ನಾಳೆಯೇ ಕೊನೆ, ಎಂದು ಬೆರಳು ಆಡಿಸಿದರು. ನನಗೆ ಪಿತ್ತ ನೆತ್ತಿಗೇರಿತು. ಅಡುಗೆಮನೆಗೆ ನುಗ್ಗಿದೆ. ಅವ್ವ ಚಪಾತಿಗೆ ಹಿಟ್ಟು ನಾದಿಟ್ಟಿದ್ದಳು. ಬಿರಿಯಾನಿಯ ಪಾತ್ರೆಗೆ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಹಬೆ ತಡೆಯುತ್ತಾರಲ್ಲ, ಅದೇ ತಲೆಯಲ್ಲಿ ಬಂತು. ಒಂದು ಉಂಡೆ ತೆಗೆದುಕೊಂಡು ಹೋಗಿ, ಗಾಡಿಯ ಕೆಳಗೆ ಮಲಗಿ, ಉಸಿರಿನ ಪೈಪಿನ ಬಾಯಿಗೆ ತುರುಕಿದೆ. ಟಾಕಿಯ ಮುಚ್ಚಳದ ಅಂಚಿಗೆ ರಬ್ಬರಿನ ಪಟ್ಟಿ ಸುತ್ತಿ ಬಿಗಿಯಾಗಿ ತಿರುಗಿಸಿದೆ. ಸಂಜೆ ಸೆಕ್ರೆಟರಿಯೇ ಗಾಡಿಯ ಪಕ್ಕ ನಿಂತು ಮೂಗರಳಿಸಿ, "ಅರೇ ವಾಹ್" ಅಂದರು. ನನ್ನಷ್ಟು ಜಾಣ ಇಡೀ ಚೆಂಬೂರಿನಲ್ಲಿ ಯಾರೂ ಇಲ್ಲ ಅನ್ನಿಸಿತು.

ಭಾನುವಾರ ಹನ್ನೊಂದೂವರೆಗೆ ಚಾಚಾ ಡಬ್ಬಿ ಹಿಡಿದು ಬಂದರು. ಬಿಸಿಲು ನೆಲ ಕಾಯಿಸುತ್ತಿತ್ತು. ಗಾಡಿ ಬೆಳಿಗ್ಗೆಯಿಂದ ಅದರಲ್ಲೇ ನಿಂತಿತ್ತು. ಸೆಕ್ರೆಟರಿ, ಕಮಿಟಿಯ ಇಬ್ಬರು, ಮೇಲಿನ ಬಾಲ್ಕನಿಗಳಲ್ಲಿ ನೋಡುವವರು. ಗಾಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮೆಟ್ಟಿಲ ಕೆಳಗೆ, ಇಸ್ತ್ರಿಯವನು ಕೆಂಡ ತುಂಬಿದ ಪೆಟ್ಟಿಗೆಯಿಂದ ಅಂಗಿ ಉಜ್ಜುತ್ತಿದ್ದ. ಪೆಟ್ಟಿಗೆಯ ಬಾಯಿಯನ್ನು ಆಗಾಗ ಊದಿ ಕಿಡಿ ಎಬ್ಬಿಸುತ್ತಿದ್ದ.

ಎಲ್ಲರೆದುರು ಹಿಟ್ಟಿನ ವಿಷಯ ಹೇಳಲು ನನಗೆ ನಾಲಗೆ ಏಳಲಿಲ್ಲ. ಚಾಚಾ ಮುಚ್ಚಳಕ್ಕೆ ಕೈ ಇಟ್ಟರು. ಹೇಳಬೇಕು, ಈಗ ಹೇಳಬೇಕು. ಸೆಕ್ರೆಟರಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಲಿಲ್ಲ.

ಚಾಚಾ ಮುಚ್ಚಳ ತಿರುಗಿಸಲಿಲ್ಲ. ಜೇಬಿನಿಂದ ಸಾಬೂನಿನ ತುಂಡು ತೆಗೆದು, ನೀರು ಮುಟ್ಟಿಸಿ ನೊರೆ ಮಾಡಿ, ಗಾಡಿಯ ಕೆಳಗೆ ಬಗ್ಗಿ ಪೈಪಿನ ತುದಿಗೆ ಹಚ್ಚಿದರು. ಟಾಕಿ ಉಸಿರು ಬಿಟ್ಟರೆ ನೊರೆ ಗುಳ್ಳೆಯಾಗಿ ಉಬ್ಬಬೇಕು, ಎಳೆದರೆ ಒಳಗೆ ಸರಿಯಬೇಕು. ಅದು ಹಚ್ಚಿದ ಹಾಗೇ ಇತ್ತು. ಅವರು ಟಾಕಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದರು. ಢಣ್ ಎಂದಿತು, ಬಿಗಿದ ಹಲಗೆಯ ಹಾಗೆ. ನಂತರ ಉಗುರಿನಿಂದ ಪೈಪಿನ ಬಾಯನ್ನು ಕೆರೆದು ನೋಡಿ ಎದ್ದರು. ಉಗುರಿನ ಸಂದಿಯಲ್ಲಿ ಬೆಳ್ಳಗೆ ಒಣಗಿದ ಹಿಟ್ಟು. ನನ್ನ ಮುಖ ನೋಡಿದರು.

"ತಮ್ಮಾ," ಎಂದರು ಮೆಲ್ಲಗೆ, ಕನ್ನಡದಲ್ಲಿ, "ಮೊದ್ಲ ಆ ಇಸ್ತ್ರಿಯವನ ಬೆಂಕಿ ಹೊರಗ ಕಳಸು. ಓಡಬ್ಯಾಡ. ನಡಕೋತ ಹೋಗು."

ನಡೆದುಕೊಂಡು ಹೋದೆ. ಆ ಹತ್ತು ಹೆಜ್ಜೆ ಇಂದಿಗೂ ನನ್ನ ಕಾಲಲ್ಲಿವೆ. ಇಸ್ತ್ರಿಯವನು, "ಯಾಕೆ, ಏನಾಯ್ತು" ಎಂದು ವಾದಕ್ಕೆ ನಿಂತ. ನಾನು ಅವನ ಪೆಟ್ಟಿಗೆಯನ್ನೇ ಎತ್ತಿಕೊಂಡು ಗೇಟಿನಾಚೆ ಒಯ್ದೆ, ಅವನು ಬೈಯುತ್ತ ಹಿಂದೆ ಬಂದ. ತಿರುಗಿ ಬರುವಷ್ಟರಲ್ಲಿ ಚಾಚಾ ಎಲ್ಲರನ್ನೂ ಮೆಟ್ಟಿಲು ಹತ್ತಿಸಿ, ಅಡುಗೆಮನೆಗಳ ಗ್ಯಾಸ್ ಆರಿಸಲು ಹೇಳಿ, ಮುಚ್ಚಳದ ಮೇಲೆ ಹಸಿ ಗೋಣಿ ಹಾಕಿ ಎರಡೂ ಕೈಯಿಂದ ಒತ್ತಿ ನಿಂತಿದ್ದರು. ಅಕ್ಕಿಕಾಳಿನಷ್ಟು ತಿರುಗಿಸುವುದು, ನಿಲ್ಲುವುದು. ಗೋಣಿಯ ಕೆಳಗಿನಿಂದ ಹಾವಿನ ಸದ್ದು. ಮತ್ತೆ ಅಕ್ಕಿಕಾಳಿನಷ್ಟು. ಒಮ್ಮೆಗೇ ತೆಗೆದಿದ್ದರೆ ಪೆಟ್ರೋಲ್ ಅವರ ಮುಖಕ್ಕೇ ಚಿಮ್ಮುತ್ತಿತ್ತು, ಆವಿ ನೆಲ ಹಿಡಿದು ಕೆಂಡದ ತನಕ ಹರಿದಿರುತ್ತಿತ್ತು. ಬಾಲ್ಕನಿಯಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ವಾಸನೆ ಗಂಟಲಿಗೆ ಹತ್ತುವಷ್ಟು ದಟ್ಟವಾಗಿತ್ತು. ನನಗೆ ಕಣ್ಣಲ್ಲಿ ನೀರು. ಆದರೆ ಗೋಣಿಯ ಮೇಲೆಯೇ ಬಾಗಿದ್ದ ಚಾಚಾರ ಮುಖದಲ್ಲಿ ಒಂದು ನಿರಿಗೆಯೂ ಇಲ್ಲ. ಅವರು ನನ್ನ ಕಡೆ ತಿರುಗಿ, ತುಟಿ ಅಲ್ಲಾಡಿಸದೆ ಕೇಳಿದರು: "ವಾಸನಿ ಬರಾಕತ್ತೈತೇನು?"

ನನಗೆ ಅರ್ಥವಾಗಲಿಲ್ಲ. ಹೂಂ ಎಂದೆ, ಬಹಳ ಎಂದೆ. "ಕಡಿಮಿ ಆದ ಕೂಡ್ಲೆ ಹೇಳು," ಎಂದರು.

ಕಡಿಮೆಯಾಗಲು ಅರ್ಧ ಗಂಟೆ ಹಿಡಿಯಿತು. ಸೆಕ್ರೆಟರಿ ಕೆಳಗಿಳಿದು, ಏನಾಗಿತ್ತು, ಯಾರ ತಪ್ಪು ಎಂದು ಗದರಿದರು. ಚಾಚಾ ಪೈಪಿನೊಳಗಿನ ಹಿಟ್ಟನ್ನು ಕಡ್ಡಿಯಿಂದ ಕೆದಕಿ ಅಂಗೈಯಲ್ಲಿ ಪುಡಿ ಮಾಡುತ್ತ ಹೇಳಿದರು: "ಕೀಡೇ ನೇ ಘರ್ ಬನಾಯಾ ಥಾ, ಸಾಬ್. ಮಿಟ್ಟೀ ಕಾ ಘರ್." ಪೈಪಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತಂತೆ! ಇದ್ದಿಲಿನ ಡಬ್ಬಿ ಕೂಡಿಸಿ, ಪೈಪು ಜೋಡಿಸಿ, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೊರಟರು. ಗಾಡಿ ಉಳಿಯಿತು. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ಕುಂಬಾರ ಹುಳ.

ಮರುದಿನ ಗ್ಯಾರೇಜಿಗೆ ಹೋಗಿ ಕಾಲು ಹಿಡಿಯಲು ಬಗ್ಗಿದೆ. ತಡೆದರು. ನನ್ನ ತಪ್ಪೆಲ್ಲ ಕೇಳಿಸಿಕೊಂಡು, ಆಚೀಚೆ ನೋಡಿ, "ಈಗ ನಂದೊಂದು ಕೇಳು" ಎಂದರು.

ಲಾಕ್‌ಡೌನ್ ವರ್ಷದಲ್ಲಿ ಬಂದ ಜ್ವರ ಹೋಯಿತು, ಮೂಗು ಮರಳಿ ಬರಲಿಲ್ಲ. ಪೆಟ್ರೋಲ್ ಇಲ್ಲ, ಅತ್ತರ್ ಇಲ್ಲ, ಮಗಳು ಹುರಿದ ಈರುಳ್ಳಿ ಇಲ್ಲ. ಯಾರಿಗೂ ಹೇಳಿರಲಿಲ್ಲ. ಟಾಕಿ ಮಿಸ್ತ್ರಿಗೆ ಮೂಗಿಲ್ಲ ಎಂದು ಗೊತ್ತಾದರೆ ಯಾರು ಟಾಕಿ ತರುತ್ತಾರೆ? ಹಾಗಾಗಿ ಬಾಗಿಲಲ್ಲಿ ಜನ ಇದ್ದಾಗ ಟಾಕಿಗೆ ಮೂಗು ಹಿಡಿದು ನಾಟಕ ಆಡುತ್ತಿದ್ದರು. ಜನ ಹೋದ ಮೇಲೆ ಮೂರು ಸಲ ತೊಳೆಯುವುದನ್ನು ಎಂಟು ಸಲ ತೊಳೆದು, ದೇವರ ಹೆಸರು ಹೇಳಿ ಬೆಂಕಿ ಹಚ್ಚುತ್ತಿದ್ದರು. ಸಾಬೂನಿನ ನೊರೆ, ಗೆಣ್ಣಿನ ತಟ್ಟು, ಎಲ್ಲ ಆಮೇಲೆ ಕಲಿತದ್ದು. ಎರಡು ವರ್ಷ ಈ ಮನುಷ್ಯ ದಿನಾ ಬೆಳಿಗ್ಗೆ ಬಾಂಬಿನ ಮುಂದೆ ಕೂತಿದ್ದಾನೆ!

"ಬಿಟ್ಟುಬಿಡ್ರಿ ಚಾಚಾ ಈ ಕೆಲಸ," ಎಂದೆ.

"ಬಿಟ್ಟು ಏನ್ ಮಾಡ್ಲಿ? ಕೈ ಇನ್ನೂ ಛಲೋ ಅದಾವ."

ಕೈಗಳನ್ನು ಚಾಚಿ ತೋರಿಸಿದರು. ಒಂದಿಷ್ಟೂ ನಡುಗುತ್ತಿರಲಿಲ್ಲ. ನನಗೆ ದುಃಖ ಉಕ್ಕಿ ಬಂತು. ನಾನೇ ಬಂದು ಮೂಸುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ.

ಹೀಗೆ ನಾನು ಅವರ ಮೂಗಾದೆ. ಹಿಂದಿನ ಸಂಜೆ ತೊಳೆದಿಟ್ಟ ಟಾಕಿಗಳನ್ನು ಬೆಳಿಗ್ಗೆ ಎಂಟಕ್ಕೆ ಹೋಗಿ ಮೂಸುವುದು, "ಐತಿ" ಅಥವಾ "ಹೋತು" ಎನ್ನುವುದು, ಅಲ್ಲಿಂದ ಸ್ಟೇಷನ್ನಿಗೆ ಓಡಿ ಲೋಕಲ್ ಹಿಡಿಯುವುದು. ನಾನು ಮೂಸುವಾಗ ಅವರು ಟಾಕಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಒಮ್ಮೆ ಚಹಾ ಕುಡಿಯುತ್ತ ಕೇಳಿದರು:

"ಪೆಟ್ರೋಲ್ ವಾಸನಿ ಹೆಂಗಿರತೈತೋ? ನಂಗ ಮರ್ತಽ ಹೋಗೇತಿ."

ನಾನು ತಡಕಾಡಿದೆ. "ಸ್ವಲ್ಪ ಸಿಹಿ ಇರತೈತಿ. ತಣ್ಣಗ. ಮೂಗಿನ ತುದಿ ಜುಮ್ಮ್ ಅಂತೈತಿ..."

"ಪೆಟ್ರೋಲ್ ಕೇಳಿದ್ರ ಪೆಪ್ಪರಮೆಂಟ್ ಹೇಳಾಕತ್ಯಲ್ಲೋ ಹುಳಾ!" ಎಂದು ಬೆಂಚು ಬಡಿದು ನಕ್ಕರು. ನಕ್ಕು ಮುಗಿದ ಮೇಲೆ ಕಪ್ಪನ್ನು ಮೂಗಿನ ಹತ್ತಿರ ತಂದು, ಹಾಗೇ ಕೆಳಗಿಟ್ಟರು. ನನಗೆ ಸರಿಯಾಗಿ ಹೇಳಲು ಬರಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ದಿನ ಕೊರಗಿದೆ.

ಒಂದು ವರ್ಷ ಹಾಗೇ ನಡೆಯಿತು. ನಂತರ ಆ ಬೆಳಿಗ್ಗೆ. ಹಿಂದಿನ ದಿನದಿಂದ ನನಗೆ ನೆಗಡಿ ಹಿಡಿದಿತ್ತು. ಆಫೀಸಿನಲ್ಲಿ ಹೊಸ ಸಾಹೇಬರು, ಒಂಬತ್ತೂವರೆಗೆ ಮೀಟಿಂಗು. ಯಾರದೋ ಹಳೆಯ ಪಿಕಪ್ಪಿನ ದೊಡ್ಡ ಟಾಕಿ ಬೆಂಚಿನ ಮೇಲಿತ್ತು. ನೆಗಡಿ ಎಂದರೆ ಚಾಚಾ ಮತ್ತೆ ತೊಳೆಯುತ್ತಾರೆ, ನಾನು ಕಾಯಬೇಕು, ಲೋಕಲ್ ತಪ್ಪುತ್ತದೆ. ಬಗ್ಗಿದೆ, ಎದ್ದೆ, "ಹೋತು ಚಾಚಾ" ಎಂದೆ. ಓಡಿದೆ.

ಕುರ್ಲಾ ದಾಟಿದ ಮೇಲೆ ಕೊಳಚೆಯ ನಾಲೆಯ ಹತ್ತಿರ ರೈಲು ನಿಧಾನವಾಯಿತು. ಬೋಗಿಯಲ್ಲಿದ್ದವರೆಲ್ಲ ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡರು. ನನಗೆ ಏನೂ ಬರಲಿಲ್ಲ. ಒಂದು ಚೂರೂ ಇಲ್ಲ. ನನಗೂ ಮೂಗಿಲ್ಲ, ಅವರಿಗೂ ಮೂಗಿಲ್ಲ, ನಡುವೆ ಆ ಟಾಕಿ. ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು. ಅದು ಬಿಸ್ಕೀಟಿನ ಡಬ್ಬಿಯಲ್ಲಿ ಮುಚ್ಚಳದ ಕೆಳಗೆ ಕೂತಿರುತ್ತದೆ ಎಂದು ನೆನಪಾಯಿತು.

ಚುನಾಭಟ್ಟಿಯಲ್ಲಿ ಜನರನ್ನು ತಳ್ಳಿ ಇಳಿದೆ. ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಓಡಿದೆ. ತಿರುಗಿ ಹೋಗುವ ಲೋಕಲ್ ಆರು ನಿಮಿಷ ಬರಲಿಲ್ಲ. ಬಂದ ಮೇಲೆ ಕುರ್ಲಾ ಹೊರಗೆ ಸಿಗ್ನಲ್ಲಿಗೆ ನಿಂತಿತು. ಬಾಗಿಲ ಕಂಬ ಹಿಡಿದು ಚೆಂಬೂರಿನ ಕಡೆಯ ಆಕಾಶ ನೋಡುತ್ತಿದ್ದೆ. ಒಂದು ಕಡೆ ರಿಫೈನರಿಯ ಹೊಗೆ ದಿನದ ಹಾಗೇ ಇತ್ತು. ಅದರ ಪಕ್ಕ ಇನ್ನೊಂದು ಹೊಗೆ ಎದ್ದಿದೆಯೇ, ಇಲ್ಲವೇ, ಎದ್ದಿದೆಯೇ. ದೇವರೇ, ಇಲ್ಲದಿರಲಿ. ಮೀಟಿಂಗಿಗಾಗಿ ಒಬ್ಬ ಮನುಷ್ಯನನ್ನು ಸುಟ್ಟೆನಲ್ಲ!

ಗಲ್ಲಿ ತಿರುಗುವ ಮೊದಲೇ ಬೆಸುಗೆಗೆ ಬೆಂಕಿ ಉಗುಳುವ ಬ್ಲೋಲ್ಯಾಂಪಿನ ಬುಸ್ಸೆನ್ನುವ ಸದ್ದು ಕೇಳಿತು. "ಚಾಚಾ, ಹಚ್ಚಬ್ಯಾಡ್ರಿ!" ಎಂದು ಕಿರುಚಿದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಅವರು ತಗಡಿನ ಕೆಳಗೆ ಕೂತು ಒಂದು ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದರು. ಆ ಟಾಕಿ ಗಲ್ಲಿಯ ಆ ತುದಿಯಲ್ಲಿ, ಗೋಡೆಯ ನೆರಳಿನಲ್ಲಿ ಇತ್ತು. ಬಾಯಿತನಕ ನೀರು ತುಂಬಿ ತುಳುಕುತ್ತಿತ್ತು.

ನಾನು ನೆಲದ ಮೇಲೆಯೇ ಕೂತೆ. ಅವರು ಲ್ಯಾಂಪ್ ಆರಿಸಿದರು. ಅವಸರವಿಲ್ಲದೆ ಕೈ ಒರೆಸಿಕೊಂಡರು.

"ನೀ ಬಗ್ಗಿದಿ, ಎದ್ದಿ," ಎಂದರು. "ನಡುವ ನಿನ್ನ ಹೆಗಲು ಏಳಲಿಲ್ಲ. ಉಸಿರು ಎಳದ್ರ ಹೆಗಲು ಏಳತೈತಿ ಮಗಾ, ಟಾಕಿ ಆಗ್ಲಿ ಮನಷ್ಯಾ ಆಗ್ಲಿ, ಉಸಿರು ಮುಚ್ಚಿಡಾಕ ಬರೂದಿಲ್ಲ."

"ತಪ್ಪಾತು ಚಾಚಾ. ನೆಗಡಿ ಇತ್ತು, ಹೇಳಲಿಲ್ಲ."

"ಹಿಟ್ಟಿನ ದಿನಾನೂ ಹೇಳಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಲೋಟಕ್ಕೆ ನೀರು ಹಾಕಿ ಕೊಟ್ಟರು. ನಾನು ಕುಡಿಯುವುದನ್ನು ನೋಡಿ, "ನಾಳಿಂದ ಬರಬ್ಯಾಡಪ್ಪಾ. ಆಫೀಸಿಗಿ ಹೊತ್ತಾಗ್ತೈತಿ ನಿಂಗ," ಎಂದರು.

ಆ ವಾರವೇ ಟಾಕಿ ಕೆಲಸ ನಿಲ್ಲಿಸಿದರು. ಗಲ್ಲಿಯವರಿಗೆ ಕಣ್ಣು ಮಂಜಾಗಿದೆ ಎಂದು ಹೇಳಿದರು. ನನ್ನ ಹೆಸರು ಎಲ್ಲೂ ಬರಲಿಲ್ಲ. ಆಮೇಲೆ ಬರೀ ರೇಡಿಯೇಟರು. ಎಂಟು ದಿನ ಬಿಟ್ಟು ಮುಖ ಕೆಳಗೆ ಹಾಕಿಕೊಂಡು ಹೋದಾಗ, "ಬಂತು ನೋಡು ಕುಂಬಾರ ಹುಳ" ಎಂದು ಚಹಾ ತರಿಸಿದರು, ಮೊದಲಿನ ಹಾಗೇ ನಕ್ಕರು. ಆದರೆ ಮತ್ತೆ ಯಾವತ್ತೂ ಏನನ್ನೂ ಮೂಸಿ ನೋಡು ಎಂದು ಹೇಳಲಿಲ್ಲ. ಹಾಲು ಕೆಟ್ಟಿದೆಯೇ ಎಂಬುದನ್ನು ಕೂಡ ಮಗಳನ್ನು ಕರೆದೇ ಕೇಳುತ್ತಿದ್ದರು. ಅದು ನನಗೆ ಎಷ್ಟು ಚುಚ್ಚುತ್ತಿತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಕಳೆದ ಮಳೆಗಾಲದ ಹೊತ್ತಿಗೆ ಅವರ ಎದೆ ಸೋತಿತು. ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದರು. ಒಂದು ಕೋಣೆ, ಪರದೆಯ ಆಚೆ ಅಡುಗೆಯ ಕಟ್ಟೆ. ಭಾನುವಾರ ಮಧ್ಯಾಹ್ನ ಅವ್ವನನ್ನು ಪಿಕಪ್ಪಿನಲ್ಲಿ ಕರೆದುಕೊಂಡು ಹೋದೆ. ಅವ್ವ ಅವರ ಕಾಲ ಬಳಿ ಕೂತು, "ಅಣ್ಣಾ, ಗಾಡಿ ಛಲೋ ಓಡಾಕತ್ತೈತ್ರೀ" ಎಂದಳು. ಅವರು ಕಣ್ಣಲ್ಲೇ ನಕ್ಕರು. ಅವ್ವ ಹೊರಗೆ ನೆರೆಯವರ ಜೊತೆ ಮಾತಿಗೆ ಕೂತಳು. ಮಗಳು ಚಹಾ ಇಡಲು ಪರದೆಯ ಆಚೆ ಹೋದಳು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವರ ಹೆಗಲನ್ನೇ ನೋಡುತ್ತಿದ್ದೆ. ಏಳುತ್ತಿತ್ತು. ಇಳಿಯುತ್ತಿತ್ತು. ನಡುವಿನ ಹೊತ್ತು ಉದ್ದವಾಗುತ್ತಿತ್ತು. ಎದ್ದಿತು. ಇಳಿಯಿತು. ನಾನು ಕಾದೆ. ಇನ್ನೂ ಕಾದೆ. ಕೈಯನ್ನು ಮೂಗಿನ ಹತ್ತಿರ, ಆ ಸುಟ್ಟ ಕಲೆಯ ಹತ್ತಿರ ಹಿಡಿದೆ. ಏನೂ ತಾಗಲಿಲ್ಲ.

"ಅಣ್ಣಾ," ಪರದೆಯ ಆಚೆಯಿಂದ ಮಗಳು ಕೇಳಿದಳು, "ಅಬ್ಬಾಗ ನಿದ್ದಿ ಹತ್ತೇತೇನು?"

ಚಹಾ ಕುದಿಯುವ ಸದ್ದು ಕೇಳುತ್ತಿತ್ತು. ಹೂಂ ಎನ್ನುವುದು ಸುಲಭವಿತ್ತು. ಅವಳು ಒಂದು ಕಪ್ಪು ಚಹಾ ಆದರೂ ನೆಮ್ಮದಿಯಿಂದ ಕುಡಿಯುತ್ತಿದ್ದಳು. ಆ ಮನುಷ್ಯನ ಎದುರು ನಾನು ಎರಡು ಸಲ ನಿಜ ಮುಚ್ಚಿಟ್ಟಿದ್ದೆ, ಎರಡು ಸಲವೂ ಅವರೇ ನನ್ನನ್ನು ಕಾಪಾಡಿದ್ದರು.

"ಇಲ್ಲ ತಂಗಿ," ಎಂದೆ. "ಮೊದ್ಲ ಗ್ಯಾಸ್ ಆರಸು. ಆಮ್ಯಾಲ ಬಾ."